ಓರಗೆಯವಳ ಮಾತು ಬೇಕು, ಕೂಲಿ ಬೇಡವೆ?

ಡಾಕ್ಟರ ಮುಂದೆ ಒಬ್ಬ ಹೆಂಗಸು ಕುಳಿತಿದ್ದಾಳೆ. ಪಕ್ಕದಲ್ಲಿ ಅವಳ ಹತ್ತು ವರ್ಷದ ಮಗ. ಡಾಕ್ಟರಿಗೆ ಬರುವುದು ಇಂಗ್ಲಿಷು. ಅವಳಿಗೆ ಬರುವುದು ಗ್ರೀಕ್. ಎರಡೂ ಬರುವುದು ಆ ಹುಡುಗನೊಬ್ಬನಿಗೆ. ಮುಟ್ಟು ನಿಂತು ಎಷ್ಟು ದಿನವಾಯಿತು, ರಕ್ತ ಹೆಚ್ಚಾಗಿ ಹೋಗುತ್ತದೆಯೆ, ಗಂಡನೊಡನೆ ಇರುವಾಗ ನೋವಾಗುತ್ತದೆಯೆ ಎಂಬ ಪ್ರಶ್ನೆಗಳನ್ನು ತಾಯಿಗೆ ಕೇಳಿ, ಅವಳ ಉತ್ತರವನ್ನು ಡಾಕ್ಟರಿಗೆ ಒಪ್ಪಿಸಬೇಕಾದವನು ಅವನು. ತಾಯಿಯಾದವಳು ಏನು ಹೇಳಿಯಾಳು? ತಲೆನೋವು ಎಂದು ಹೇಳಿ, ನಾಲ್ಕು ಗುಳಿಗೆ ಕಟ್ಟಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತಾಳೆ. ರೋಗ ಹೊಟ್ಟೆಯಲ್ಲೇ ಉಳಿಯುತ್ತದೆ.

ಇದು ಒಬ್ಬಳ ಕಥೆಯಲ್ಲ. ಯುರೋಪಿನ ಬಡ ಹಳ್ಳಿಗಳಿಂದ ಆಸ್ಟ್ರೇಲಿಯಾದ ಮೆಲ್ಬರ್ನ್ ಶಹರದ ಕಾರಖಾನೆಗಳಿಗೆ ದುಡಿಯಲು ಹೋದ ಸಾವಿರಾರು ಹೆಂಗಸರ ಪಾಡು ಹೀಗೇ ಇತ್ತು. ಆ ಪಾಡಿನಿಂದ ಹೊರಬರಲು ಅಲ್ಲಿಯ ಹೆಂಗಸರೇ ಒಂದು ದಾರಿ ಹುಡುಕಿದರು. ತಮ್ಮ ಭಾಷೆಯವಳಿಗೆ, ತಮ್ಮ ಹಾಗೆ ಊರು ಬಿಟ್ಟು ಬಂದವಳಿಗೆ ಆರೋಗ್ಯದ ವಿಚಾರ ಕಲಿಸಿ, ಅವಳ ಬಾಯಿಂದ ಉಳಿದವರಿಗೆ ಹೇಳಿಸುವ ದಾರಿ ಅದು. ದಾರಿ ಸರಿಯಾಗಿತ್ತು, ಫಲವನ್ನೂ ಕೊಟ್ಟಿತು. ಇಂದು ಸರ್ಕಾರಗಳೂ ದೊಡ್ಡ ದೊಡ್ಡ ಸಂಸ್ಥೆಗಳೂ ಅದನ್ನು ಕೊಂಡಾಡುತ್ತವೆ. ಆದರೆ ಆ ಓರಗೆಯವಳಿಗೆ ಕೂಲಿ ಎಷ್ಟು ಎಂದು ಕೇಳಿದರೆ ಹೊಗಳಿಕೆ ಅಲ್ಲಿಗೇ ನಿಂತುಹೋಗುತ್ತದೆ. ಈ ವಾರ ನಾವು ಎತ್ತುವ ಪ್ರಶ್ನೆ ಅದು.

ಮೆಲ್ಬರ್ನಿನ ಮಾತು ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ತುಸು ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇವೆ. ನಮ್ಮ ಪಾಳಿಯಲ್ಲಿ ನಮ್ಮ ಪಕ್ಕದ ಯಂತ್ರದ ಮುಂದೆ ನಿಂತಿರುವ ಪರಸ್ಥಳದ ಹೆಂಗಸಿನ ಬಳಿಗೇ ಈ ಮಾತು ಬಂದು ಮುಟ್ಟುತ್ತದೆ.

ಬಂದವರು ಯಾರು?

1945ರಲ್ಲಿ ಯುದ್ಧ ಮುಗಿಯಿತು. ಆಸ್ಟ್ರೇಲಿಯಾದ ಕಾರಖಾನೆಗಳಿಗೆ ಆಳು ಬೇಕಾಗಿತ್ತು. ಅದೇ ವರ್ಷ ಅಲ್ಲಿಯ ಲೇಬರ್ ಸರ್ಕಾರ ವಲಸೆಗೆಂದೇ ಒಂದು ಖಾತೆ ತೆರೆದು ಆರ್ಥರ್ ಕಾಲ್ವೆಲ್ ಎಂಬವರನ್ನು ಅದರ ಮಂತ್ರಿಯನ್ನಾಗಿ ಮಾಡಿತು. ಬಿಳಿಯರಿಗೆ ಮಾತ್ರ ಬಾಗಿಲು ತೆರೆಯುವ ನೀತಿ ಆಗ ಜಾರಿಯಲ್ಲಿತ್ತು. ಅದು ಬುಡಸಹಿತ ಹೋದದ್ದು 1973ರಲ್ಲಿ. ಮೊದಲು ಬ್ರಿಟನ್ನಿನ ಜನರನ್ನು ಕರೆದರು. ಅವರು ಸಾಲದೆ ಬಂದಾಗ 1951ರಲ್ಲಿ ಇಟಲಿಯೊಡನೆ, 1952ರಲ್ಲಿ ಗ್ರೀಸಿನೊಡನೆ, 1967ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡರು. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಅಲ್ಲಿಯ ನಿರಾಶ್ರಿತರೂ ಬಂದರು.

ಕರೆದದ್ದು ದುಡಿಮೆಯ ಕೈಗಳನ್ನು, ಬಂದದ್ದು ಮನುಷ್ಯರು. ಆ ಕೈಗಳಿಗೆ ಬೆನ್ನಿದೆ, ಹೊಟ್ಟೆಯಿದೆ, ಬಸಿರಿದೆ ಎಂಬುದು ಕರೆದವರ ಲೆಕ್ಕದಲ್ಲಿ ಇರಲಿಲ್ಲ. ಗಂಡಸರು ಉಕ್ಕು, ಮೋಟಾರು, ರಸ್ತೆ ಕೆಲಸಗಳಿಗೆ ಹೋದರೆ ಹೆಂಗಸರು ಬಟ್ಟೆ ಗಿರಣಿ, ಉಡುಪು ಕಾರಖಾನೆ, ಚಪ್ಪಲಿ ಕಾರಖಾನೆ, ತಿಂಡಿ ತುಂಬುವ ಕಾರಖಾನೆಗಳಿಗೆ ಸೇರಿದರು. ಕೆಲಸ ಕಲಿಯಲು ಭಾಷೆ ಬೇಕಾಗಿರಲಿಲ್ಲ. ಪಕ್ಕದವಳ ಕೈ ನೋಡಿದರೆ ಸಾಕಾಗಿತ್ತು. ಹತ್ತು ವರ್ಷ ದುಡಿದರೂ ಇಂಗ್ಲಿಷು ಬಾರದೆ ಉಳಿದದ್ದಕ್ಕೂ ಕಾರಣ ಅದೇ. ಯಂತ್ರದ ಸದ್ದಿನಲ್ಲಿ ಯಾರು ಯಾರೊಡನೆ ಮಾತನಾಡಬೇಕು?

1976ರಲ್ಲಿ ಮೆಲ್ಬರ್ನಿನ ಫಿಟ್ಜ್‌ರಾಯ್ ಬಡಾವಣೆಯ ಒಂದು ಸಂಶೋಧನ ಕೇಂದ್ರ ಈ ಹೆಂಗಸರ ಸ್ಥಿತಿಯ ಮೇಲೆ ವರದಿಯೊಂದನ್ನು ಪ್ರಕಟಿಸಿತು. 'ಆದರೆ ನನ್ನ ಹೆಂಡತಿ ಇಲ್ಲಿ ಕೆಲಸ ಮಾಡುವುದು ನನಗೆ ಬೇಡ' ಎಂಬರ್ಥದ ಹೆಸರನ್ನು ಅದಕ್ಕೆ ಇಟ್ಟಿದ್ದರು. ತನ್ನ ಹೆಂಡತಿಗೆ ಬೇಡವಾದ ಜಾಗ ಇನ್ನೊಬ್ಬನ ಹೆಂಡತಿಗೆ ಆಗಬಹುದು ಎಂಬುದೇ ಆ ಮಾತಿನ ತಿರುಳು. ವರದಿಯ ಒಳಗೆ ಏನಿದ್ದೀತು ಎಂಬುದನ್ನು ಆ ಹೆಸರೇ ಹೇಳುತ್ತದೆ.

ಕೊರತೆ ಇದ್ದದ್ದು ಯಾವುದರದು?

ಮೇಲಿನವರು ಸಾಮಾನ್ಯವಾಗಿ ಹೇಳುವ ಮಾತು ಒಂದುಂಟು: ಈ ಹೆಂಗಸರಿಗೆ ತಿಳಿವಳಿಕೆ ಇಲ್ಲ, ಆರೋಗ್ಯದ ಬಗ್ಗೆ ಕಾಳಜಿ ಇಲ್ಲ. ನಮ್ಮ ಊರಿನ ದೊಡ್ಡವರೂ ಕೂಲಿಯ ಹೆಂಗಸರ ಬಗ್ಗೆ ಇದನ್ನೇ ಹೇಳುತ್ತಾರೆ. ಈ ಮಾತು ಎಷ್ಟು ನಿಜ ಎಂಬುದನ್ನು ಪರೀಕ್ಷಿಸಿ ನೋಡೋಣ.

ಗರ್ಭ ತಡೆಯುವ ಗುಳಿಗೆ ಆಸ್ಟ್ರೇಲಿಯಾದ ಪೇಟೆಗೆ ಬಂದದ್ದು 1961ರಲ್ಲಿ. 1972ರ ಕೊನೆಗೆ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಅದರ ಮೇಲಿದ್ದ ಮಾರಾಟ ತೆರಿಗೆಯನ್ನು ತೆಗೆದುಹಾಕಿತು. ಕುಟುಂಬ ಯೋಜನೆಯ ಚಿಕಿತ್ಸಾಲಯಗಳಿದ್ದವು. 1973ರಲ್ಲಿ ಟೆಲಿಫೋನಿನ ಮೂಲಕ ದುಭಾಷಿಗಳನ್ನು ಒದಗಿಸುವ ಸರ್ಕಾರಿ ಏರ್ಪಾಡೂ ಆಯಿತು. ಅಂದರೆ ಔಷಧ ಇತ್ತು, ಡಾಕ್ಟರರಿದ್ದರು, ತಂತಿಯ ಆ ತುದಿಯಲ್ಲಿ ದುಭಾಷಿಯೂ ಇದ್ದ. ಹಾಗಿದ್ದೂ ಹೊಲಿಗೆ ಯಂತ್ರದ ಮುಂದಿನ ಹೆಂಗಸಿಗೆ ಅದು ಮುಟ್ಟಲಿಲ್ಲ. ಏಕೆ?

ಮೊದಲನೆಯದು ಹೊತ್ತು. ಚಿಕಿತ್ಸಾಲಯ ತೆರೆದಿರುವ ಹೊತ್ತಿನಲ್ಲಿ ಅವಳು ಪಾಳಿಯಲ್ಲಿರುತ್ತಾಳೆ. ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಯಿತು, ಮೇಸ್ತ್ರಿಯ ಮುನಿಸು ಬೇರೆ. ಪಾಳಿ ಮುಗಿದ ಮೇಲೆ ಮನೆಯ ಪಾಳಿ ಶುರು.

ಎರಡನೆಯದು ಭಾಷೆ. ಕರಪತ್ರ ಅಚ್ಚು ಹಾಕಿಸಿ ಹಂಚಿದರೆ ಆಗಲಿಲ್ಲ. ಊರಲ್ಲಿ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ತನ್ನ ಭಾಷೆಯ ಅಚ್ಚಿನಕ್ಷರವೂ ದೂರವೇ.

ಮೂರನೆಯದು ನಾಚಿಕೆ. ನಾಚಿಕೆ ಅಜ್ಞಾನವಲ್ಲ. ಗುಟ್ಟನ್ನು ಯಾರ ಮುಂದೆ ಬಿಚ್ಚಬೇಕು, ಯಾರ ಮುಂದೆ ಬಿಚ್ಚಬಾರದು ಎಂಬ ವಿವೇಕವೂ ಅದರಲ್ಲಿ ಸೇರಿದೆ.

ನಾಲ್ಕನೆಯದು ಅಂಜಿಕೆ. ಬಸಿರಿ ಎಂದು ಗೊತ್ತಾದರೆ ಕೆಲಸ ಹೋದೀತು, ಬೆನ್ನು ನೋವೆಂದರೆ ಮೈಗಳ್ಳಿ ಎಂದಾರು, ಕಾಗದಪತ್ರದಲ್ಲಿ ಏನಾದರೂ ಬರೆದುಬಿಟ್ಟಾರು ಎಂಬ ಅಂಜಿಕೆ.

ಹೊತ್ತು, ಭಾಷೆ, ನಂಬಿಕೆ, ಧೈರ್ಯ. ಇವು ನಾಲ್ಕೂ ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ. ಇವನ್ನು ಕೊಡದೆ, ಹೆಂಗಸರಿಗೆ ತಿಳಿವಳಿಕೆಯಿಲ್ಲ ಎನ್ನುವುದು ಹಗ್ಗವಿಲ್ಲದ ಬಾವಿ ತೋರಿಸಿ, ನಿನಗೆ ಬಾಯಾರಿಕೆಯೇ ಇಲ್ಲ ಎಂದಂತೆ.

ಕಾರಖಾನೆಯ ಬಾಗಿಲಿಗೆ

1978ರಲ್ಲಿ ಮೆಲ್ಬರ್ನಿನ ಕೆಲವು ಹೆಂಗಸರು ಒಂದು ಸಣ್ಣ ಸಂಸ್ಥೆ ಕಟ್ಟಿದರು. ಕುಟುಂಬ ಯೋಜನೆಗಾಗಿ ಕಾರ್ಯಾಚರಣೆ ಎಂಬರ್ಥದ ಹೆಸರು ಅದಕ್ಕೆ. ಅವರ ಕೆಲಸದ ಸೂತ್ರ ಎರಡೇ ಮಾತಿನದು. ಚಿಕಿತ್ಸಾಲಯಕ್ಕೆ ಹೆಂಗಸು ಬರುವುದಿಲ್ಲವಾದರೆ ಕಾರಖಾನೆಗೆ ನಾವೇ ಹೋಗೋಣ. ಹೋಗುವವಳು ಅವಳ ಭಾಷೆಯವಳೇ ಆಗಿರಲಿ.

ನೋಡಲು ಸಣ್ಣ ವಿಚಾರ. ಆದರೆ ಇದು ಇಡೀ ಏರ್ಪಾಡನ್ನು ತಲೆಕೆಳಗು ಮಾಡಿತು. ಅಲ್ಲಿಯವರೆಗೆ ಜ್ಞಾನವುಳ್ಳವರು ಕುರ್ಚಿಯಲ್ಲಿ ಕುಳಿತಿದ್ದರು, ಬೇಕಾದವರು ಸಾಲಿನಲ್ಲಿ ನಿಲ್ಲಬೇಕಿತ್ತು. ಈಗ ಜ್ಞಾನವೇ ಎದ್ದು ಗಿರಣಿಯ ಬಾಗಿಲಿಗೆ ನಡೆದು ಬಂತು.

ಇಂಥ ಕೂಟ ನಡೆಯುವ ರೀತಿ ಸರಳ. ಹತ್ತು ಹನ್ನೆರಡು ಮಂದಿ ಒಂದೇ ಭಾಷೆಯ ಹೆಂಗಸರು ಸುತ್ತ ಕೂರುತ್ತಾರೆ. ಹೇಳಿಕೊಡುವವಳೂ ಅವರಂತೆ ಊರು ಬಿಟ್ಟು ಬಂದವಳು, ತರಬೇತಿ ಪಡೆದಿದ್ದಾಳೆ. ಚಿತ್ರ ತೋರಿಸುತ್ತಾಳೆ, ಗುಳಿಗೆ, ವಂಕಿಗಳನ್ನು ಕೈಗೆ ಕೊಟ್ಟು ನೋಡಿ ಎನ್ನುತ್ತಾಳೆ. ಗರ್ಭ ಎಲ್ಲಿದೆ, ಮುಟ್ಟು ಏಕೆ ಆಗುತ್ತದೆ, ಯಾವ ಪರೀಕ್ಷೆಯನ್ನು ಯಾವ ವಯಸ್ಸಿನಲ್ಲಿ ಮಾಡಿಸಬೇಕು, ಅದಕ್ಕೆ ಎಲ್ಲಿ ಹೋಗಬೇಕು, ದುಭಾಷಿ ಬೇಕೆಂದು ಕೇಳುವುದು ಹೇಗೆ ಎಂದು ಹೇಳುತ್ತಾಳೆ. ಅವಳು ರೋಗಕ್ಕೆ ಮದ್ದು ಬರೆಯುವುದಿಲ್ಲ. ಮದ್ದು ಬರೆಯುವವನ ಮುಂದೆ ಏನು ಕೇಳಬೇಕು ಎಂಬುದನ್ನು ಕಲಿಸುತ್ತಾಳೆ. ಮಾತು ಮುಗಿದ ಮೇಲೆ ಒಬ್ಬಳು ನಗುತ್ತಾ ತನ್ನ ನಾದಿನಿಯ ಹೆಸರಿನಲ್ಲಿ ಒಂದು ಪ್ರಶ್ನೆ ಕೇಳುತ್ತಾಳೆ. ಅದು ಅವಳದೇ ಪ್ರಶ್ನೆ ಎಂದು ಕೂಟದ ಎಲ್ಲರಿಗೂ ಗೊತ್ತು. ಉತ್ತರ ಎಲ್ಲರಿಗೂ ಸಿಗುತ್ತದೆ, ಯಾರ ಮಾನವೂ ಹೋಗುವುದಿಲ್ಲ. ಈ ನಾದಿನಿಯ ಪ್ರಶ್ನೆ ಡಾಕ್ಟರ ಕೊಠಡಿಯಲ್ಲಿ ಎಂದೂ ಹೊರಡುವುದಿಲ್ಲ.

ಆ ಸಂಸ್ಥೆಯ ಹೆಸರು ಮುಂದೆ ಮೂರು ನಾಲ್ಕು ಸಲ ಬದಲಾಯಿತು. ಗರ್ಭನಿರೋಧದ ಜೊತೆಗೆ ಉದ್ಯಮದ ಹೆಂಗಸರು, ಆರೋಗ್ಯ ಎಂಬ ಶಬ್ದಗಳು ಸೇರಿದವು. ಆಮೇಲೆ ದುಡಿಯುವ ಹೆಂಗಸರ ಆರೋಗ್ಯ ಎಂದಾಯಿತು. ಇಂದು ಅದು ಮಹಿಳಾ ಆರೋಗ್ಯದ ಬಹುಸಂಸ್ಕೃತಿ ಕೇಂದ್ರ. ಹೆಸರು ಹಿಗ್ಗಿದ ಕ್ರಮವೇ ಕೆಲಸ ಹಿಗ್ಗಿದ ಕ್ರಮವನ್ನೂ ಹೇಳುತ್ತದೆ. ಗರ್ಭನಿರೋಧದ ಒಂದು ವಿಷಯವನ್ನು ಎತ್ತಿಕೊಂಡು ಹೊರಟವರು ಹೆಂಗಸಿನ ಇಡೀ ಮೈಯ, ಮನಸ್ಸಿನ, ದುಡಿಮೆಯ ವಿಷಯಕ್ಕೆ ಬಂದು ಮುಟ್ಟಿದರು.

ಇದನ್ನು ನಮ್ಮ ದೇಶದ ಅನುಭವದೊಡನೆ ಹೋಲಿಸಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ನಮ್ಮಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಅಲ್ಲಿಯೂ ಹೆಸರು ಕುಟುಂಬ ಯೋಜನೆಯದೇ. ಆದರೆ ಮೇಲಿನಿಂದ ಬಂದದ್ದು ಗುರಿಯ ಸಂಖ್ಯೆ. ಕೆಳಗಿನಿಂದ ಪ್ರಶ್ನೆ ಬರಲು ಎಡೆಯಿರಲಿಲ್ಲ. ಸಂಖ್ಯೆ ತುಂಬಿಸಲು ಹೊರಟವನಿಗೆ ಬಡವನ ಮೈ ಒಂದು ಲೆಕ್ಕದ ಗೆರೆ. ಪ್ರಶ್ನೆ ಕೇಳಿಸಿಕೊಳ್ಳಲು ಹೊರಟವಳಿಗೆ ಅದೇ ಮೈ ತನ್ನ ಮೈಯಂತೆ. ಆರೋಗ್ಯ ಶಿಕ್ಷಣಕ್ಕೂ ಆರೋಗ್ಯದ ಹೆಸರಿನ ದಬ್ಬಾಳಿಕೆಗೂ ಇರುವ ಅಂತರ ಇಷ್ಟೆ.

ಬೆನ್ನು ನೋವಿನ ರಾಜಕೀಯ

ಒಂದು ಸಲ ಬಾಯಿ ಬಿಟ್ಟ ಹೆಂಗಸು ಗರ್ಭದ ಮಾತಿಗೇ ನಿಲ್ಲುವುದಿಲ್ಲ. ಮಣಿಕಟ್ಟು ಏಕೆ ಊದುತ್ತದೆ? ರಾತ್ರಿ ಬೆರಳು ಏಕೆ ಜೋಮು ಹಿಡಿಯುತ್ತದೆ? ಕುಕ್ಕರಿಸಿ ಎದ್ದರೆ ಸೊಂಟ ಏಕೆ ಹಿಡಿಯುತ್ತದೆ? ದಿನಕ್ಕೆ ಸಾವಿರಾರು ಸಲ ಅದೇ ಕೈಯನ್ನು ಅದೇ ರೀತಿಯಲ್ಲಿ ತಿರುಗಿಸುವ ಕೆಲಸದಿಂದ ಬರುವ ಬೇನೆ ಅದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕಾರಖಾನೆ, ಕಚೇರಿಗಳಲ್ಲಿ ಈ ಬೇನೆಯ ದೂರುಗಳು ದೊಡ್ಡ ಸಂಖ್ಯೆಯಲ್ಲಿ ಎದ್ದವು.

ಅದಕ್ಕೆ ಬಂದ ಜವಾಬೇನು? ಕೈ ಬೇನೆಗೆ ಕಾಂಗರೂ ಪಂಜವೆಂದು ಲೇವಡಿ ಮಾಡಿದರು. ಗ್ರೀಸು, ಇಟಲಿಗಳಿಂದ ಬಂದವರು ಬೆನ್ನು ನೋವೆಂದರೆ ಅದಕ್ಕೆ ಮೆಡಿಟರೇನಿಯನ್ ಬೆನ್ನು ಎಂದು ಹೆಸರಿಟ್ಟರು. ಅಂದರೆ ನೋವು ಇರುವುದು ಯಂತ್ರದ ಎತ್ತರದಲ್ಲಲ್ಲ, ಪಾಳಿಯ ಉದ್ದದಲ್ಲಲ್ಲ. ಇವರು ಹುಟ್ಟಿದ ಸಮುದ್ರತೀರದಲ್ಲಿ! ಪರಿಹಾರ ಕೊಡಬೇಕಾಗಿ ಬಂದಾಗ ಬಂಡವಾಳಗಾರನ ವೈದ್ಯಶಾಸ್ತ್ರ ಎಷ್ಟು ಬೇಗ ಭೂಗೋಳವಾಗಿ ಮಾರ್ಪಡುತ್ತದೆ ನೋಡಿ.

ಒಬ್ಬೊಬ್ಬಳೇ ಡಾಕ್ಟರಲ್ಲಿಗೆ ಹೋದಾಗ ಆ ನೋವು ಅವಳ ಹಣೆಬರಹವಾಗಿತ್ತು. ಹನ್ನೆರಡು ಮಂದಿ ಸುತ್ತ ಕುಳಿತು ಹನ್ನೆರಡು ಮಂದಿಗೂ ಅದೇ ಕೈ, ಅದೇ ಜಾಗದಲ್ಲಿ ನೋಯುತ್ತದೆ ಎಂದು ತಿಳಿದಾಗ ಅದು ಕಾರಖಾನೆಯ ರೋಗವಾಯಿತು. ಓರಗೆಯವಳ ಕೂಟದ ನಿಜವಾದ ಶಕ್ತಿ ಇಲ್ಲಿದೆ. ಗೊತ್ತಿಲ್ಲದ್ದನ್ನು ಅದು ತಿಳಿಸುತ್ತದೆ. ಅದರ ಜೊತೆಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಗೊತ್ತಿದ್ದದ್ದನ್ನು ಒಂದು ಕಡೆ ಸೇರಿಸುತ್ತದೆ.

ಲೆಕ್ಕ ಬೇಕೆನ್ನುವವರಿಗೆ

ನಮ್ಮ ವಾಚಕರಲ್ಲಿ ವ್ಯಾಪಾರಿಗಳಿದ್ದಾರೆ. ಮಾತು ಚೆನ್ನಾಗಿದೆ, ಲೆಕ್ಕ ತೋರಿಸಿ ಎನ್ನುವುದು ಅವರ ಹಕ್ಕು. ಎರಡು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಿದ ಲೆಕ್ಕವೊಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿ ನೆಲೆಸಿದ ವಿಯೆಟ್ನಾಮಿ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಬಿಳಿಯ ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಬೇಗ ಪರೀಕ್ಷೆ ಮಾಡಿಸಿದರೆ ತಡೆಯಬಹುದಾದ ರೋಗ ಅದು. ಸಾಂತಾ ಕ್ಲಾರಾ ಜಿಲ್ಲೆಯಲ್ಲಿ 1,005 ಮಂದಿ ವಿಯೆಟ್ನಾಮಿ ಹೆಂಗಸರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಪತ್ರಿಕೆ, ರೇಡಿಯೋ ಮುಂತಾದವುಗಳ ಪ್ರಚಾರ ಮಾತ್ರ. ಇನ್ನೊಂದು ಪಾಲಿಗೆ ಆ ಪ್ರಚಾರದ ಜೊತೆಗೆ ಅವರದೇ ಸಮುದಾಯದ, ತರಬೇತಿ ಪಡೆದ ಸಾಮಾನ್ಯ ಹೆಂಗಸರ ಮಾತುಕತೆ.

2007ರಲ್ಲಿ ಪ್ರಕಟವಾದ ಫಲಿತಾಂಶ ಇದು. ಪ್ರಚಾರ ಮಾತ್ರ ಇದ್ದ ಪಾಲಿನಲ್ಲಿ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 70.1ರಿಂದ 75.5ಕ್ಕೆ ಏರಿದರು. ಓರಗೆಯವಳ ಮಾತೂ ಸೇರಿದ ಪಾಲಿನಲ್ಲಿ 65.8ರಿಂದ 81.8ಕ್ಕೆ ಏರಿದರು. ಒಂದು ಕಡೆ ನೂರಕ್ಕೆ ಐದರ ಏರಿಕೆ, ಇನ್ನೊಂದು ಕಡೆ ಹದಿನಾರರ ಏರಿಕೆ. ಅದೇ ಊರು, ಅದೇ ಜನ, ಅದೇ ಆಸ್ಪತ್ರೆಗಳು. ಹೆಚ್ಚಿಗೆ ಹಾಕಿದ್ದು ಒಬ್ಬ ಗೆಳತಿಯ ಮಾತು. ಯಾವ ವ್ಯಾಪಾರಿಯೂ ಈ ತಕ್ಕಡಿಯನ್ನು ಓದಬಲ್ಲ.

ಓದು ಕಡಿಮೆಯಾದವರ ಬಾಯಿಗೆ ವೈದ್ಯಶಾಸ್ತ್ರ ಕೊಟ್ಟರೆ ಅರೆಜ್ಞಾನ ಹರಡೀತು ಎಂದು ಕೆಲವರು ಹೆದರುತ್ತಾರೆ. ಹೆದರಿಕೆ ಪೂರ್ತಿ ಸುಳ್ಳಲ್ಲ. ತರಬೇತಿ ಸರಿಯಿಲ್ಲದಿದ್ದರೆ, ಸಂಶಯ ಬಂದಾಗ ಕೇಳಲು ಹಿಂದೆ ನರ್ಸು, ಡಾಕ್ಟರು ಇಲ್ಲದಿದ್ದರೆ ತಪ್ಪು ಮಾತು ಹಬ್ಬುವುದುಂಟು. ಅದಕ್ಕೆ ಉಪಾಯ ಒಳ್ಳೆಯ ತರಬೇತಿಯೇ ಹೊರತು ಬಾಯಿ ಮುಚ್ಚಿಸುವುದಲ್ಲ. ಓರಗೆಯವಳು ಇಲ್ಲದ ಜಾಗದಲ್ಲಿ ಪೂರ್ಣಜ್ಞಾನವೇನೂ ಬಂದು ಕೂರುವುದಿಲ್ಲ, ಗಾಳಿಮಾತು ಕೂರುತ್ತದೆ.

ಇನ್ನು ಕೆಲವರು, ಬಂದವರು ನಮ್ಮ ಭಾಷೆ ಕಲಿಯಲಿ ಎನ್ನುತ್ತಾರೆ. ಕಲಿಯಲಿ, ಬೇಡವೆಂದವರಾರು? ಕಲಿಯಲು ಹೊತ್ತು ಕೊಡಿ. ಆದರೆ ಎದೆಯ ಗಂಟು ವ್ಯಾಕರಣ ಮುಗಿಯುವವರೆಗೆ ಕಾಯುವುದಿಲ್ಲ.

ಕೂಲಿಯ ಪ್ರಶ್ನೆ

ಇಷ್ಟರಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಒಡಕು ಹುಟ್ಟುವುದು ಮುಂದಿನ ಮಾತಿನಲ್ಲಿ.

ಓರಗೆಯವಳು ಏಕೆ ಬೇಕು? ಅವಳ ಮಾತನ್ನು ಜನ ನಂಬುತ್ತಾರೆ ಎಂಬುದು ಒಂದು ಕಾರಣ. ಅವಳು ಅಗ್ಗಕ್ಕೆ ಸಿಗುತ್ತಾಳೆ ಎಂಬುದು ಇನ್ನೊಂದು. ಮೊದಲನೆಯ ಕಾರಣವನ್ನು ವರದಿಯಲ್ಲಿ ಬರೆಯುತ್ತಾರೆ. ಎರಡನೆಯದನ್ನು ಆಯವ್ಯಯದಲ್ಲಿ ಬರೆಯುತ್ತಾರೆ. ಅವಳನ್ನು ಸ್ವಯಂಸೇವಕಿ ಎಂದು ಕರೆದರೆ ಸಂಬಳವಿಲ್ಲ. ಸಮುದಾಯದ ನಾಯಕಿ ಎಂದು ಕರೆದರೆ ಶಾಲು, ಹಾರ. ನೌಕರಳು ಎಂದು ಕರೆದರೆ ಮಾತ್ರ ಸಂಬಳ, ರಜೆ, ಭವಿಷ್ಯನಿಧಿ ಎಲ್ಲ ಕೊಡಬೇಕಾಗುತ್ತದೆ. ಅದಕ್ಕೇ ಆ ಒಂದು ಶಬ್ದವನ್ನು ಬಿಟ್ಟು ಉಳಿದ ಎಲ್ಲ ಶಬ್ದಗಳನ್ನೂ ಅವಳ ಮೇಲೆ ಸುರಿಯುತ್ತಾರೆ.

ದೂರ ಹೋಗುವುದು ಬೇಡ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೋಡಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಇದೇ ತತ್ವದ ಮೇಲೆ ಅವರನ್ನು ಆರಿಸಿದರು: ಅದೇ ಊರಿನ ಹೆಂಗಸು, ಅದೇ ಊರಿನ ಮಾತು. ಬಸುರಿಯರ ತಾಯಿ ಕಾರ್ಡಿನಿಂದ ಹಿಡಿದು ಕೋವಿಡ್ ಕಾಲದ ಮನೆಮನೆ ಸಮೀಕ್ಷೆಯವರೆಗೆ ಎಲ್ಲ ಹೊರೆಯೂ ಅವರ ಮೇಲೆ ಬಿತ್ತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂರಬೇಕಾಯಿತು. ಅವರು ಕೇಳಿದ್ದು ತಿಂಗಳಿಗೆ ಇಷ್ಟು ಎಂದು ಖಚಿತವಾದ ಹಣ. ಪ್ರಶಸ್ತಿ ಬಂದವಳು ಸಂಬಳಕ್ಕೆ ಬೀದಿಯಲ್ಲಿ ಕೂರಬೇಕಾದರೆ, ಆ ಪ್ರಶಸ್ತಿ ಯಾರ ಮಾನ ಮುಚ್ಚಲು ಕೊಟ್ಟದ್ದು?

ಓರಗೆಯವಳಿಗೆ ಕೂಲಿ ಕೊಡದಿದ್ದರೆ ಅನ್ಯಾಯವಾಗುವುದು ಅವಳೊಬ್ಬಳಿಗೇ ಅಲ್ಲ. ಕೆಲಸವೇ ಕೆಡುತ್ತದೆ. ಕೂಲಿಯಿಲ್ಲದ ಕೆಲಸಕ್ಕೆ ಬರುವವಳು ಹೊಟ್ಟೆಗೆ ತುಸು ಅನುಕೂಲವಿರುವವಳು. ಎರಡು ಪಾಳಿ ದುಡಿಯುವವಳು ಬರಲಾರಳು. ಅಲ್ಲಿಗೆ ಓರಗೆಯವಳು ಎಂಬ ಮಾತೇ ಸುಳ್ಳಾಯಿತು. ಬಂದವಳೂ ಆರು ತಿಂಗಳಿಗೆ ಬೇರೆ ಕೆಲಸ ಸಿಕ್ಕಿತೆಂದು ಹೋಗುತ್ತಾಳೆ. ಅವಳೊಡನೆ ಅವಳು ಗಳಿಸಿದ್ದ ನಂಬಿಕೆಯೂ ಹೋಗುತ್ತದೆ.

ಮೆಲ್ಬರ್ನಿಗೆ ಕೊನೆಯದಾಗಿ ಒಮ್ಮೆ ಹಿಂದಿರುಗೋಣ. 1973ರಿಂದ ಆಮದು ಸುಂಕ ಇಳಿಯುತ್ತ ಬಂದು ಅಲ್ಲಿಯ ಬಟ್ಟೆ, ಉಡುಪಿನ ಕಾರಖಾನೆಗಳು ಒಂದೊಂದಾಗಿ ಮುಚ್ಚಿದವು. ಹೊಲಿಗೆ ಯಂತ್ರಗಳು ವಿಯೆಟ್ನಾಮಿ ಹೆಂಗಸರ ಮನೆಯ ಕೋಣೆಗಳಿಗೆ ಹೋದವು. ತುಂಡಿಗೆ ಇಷ್ಟು ಎಂಬ ಕೂಲಿ, ಪಾಳಿಗೆ ಕೊನೆಯಿಲ್ಲ. ಈ ಗುಪ್ತ ದುಡಿಮೆಯನ್ನು 1995ರಲ್ಲಿ ಅಲ್ಲಿಯ ಜವಳಿ ಕಾರ್ಮಿಕ ಸಂಘ ವರದಿಯೊಂದರಲ್ಲಿ ಬಯಲಿಗೆ ತಂದಿತು. ಬೀಡಿ ಕಟ್ಟುವ, ಊದಿನಕಡ್ಡಿ ಹೊಸೆಯುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರಖಾನೆಯ ಬಾಗಿಲೇ ಇಲ್ಲದ ಕಡೆ ಹನ್ನೆರಡು ಮಂದಿಯನ್ನು ಸುತ್ತ ಕೂರಿಸುವುದು ಹೇಗೆ? ಆ ಕೋಣೆಗಳ ಬಾಗಿಲು ತೆರೆಯುವುದು ಗುರುತಿನವಳ ಧ್ವನಿಗೆ ಮಾತ್ರ.

2020ರ ಜುಲೈ 4ರಂದು ಈ ಪಾಠ ಅಲ್ಲಿಯ ಸರ್ಕಾರಕ್ಕೂ ಬಂತು. ಕೋವಿಡ್ ಹಬ್ಬಿತೆಂದು ಮೆಲ್ಬರ್ನಿನ ಒಂಬತ್ತು ಸರ್ಕಾರಿ ವಸತಿ ಗೋಪುರಗಳಿಗೆ ಮುನ್ಸೂಚನೆಯಿಲ್ಲದೆ ಪೋಲೀಸರ ಕಾವಲು ಹಾಕಿದರು. ಒಳಗೆ ಸುಮಾರು 3,000 ಮಂದಿ, ಅವರಲ್ಲಿ ಬಹಳ ಮಂದಿ ವಲಸೆ ಬಂದವರು. ಏನಾಗುತ್ತಿದೆ ಎಂದು ಅವರವರ ಭಾಷೆಯಲ್ಲಿ ಹೇಳುವ ಏರ್ಪಾಡು ಹೊತ್ತಿಗೆ ಸರಿಯಾಗಿ ಇರಲಿಲ್ಲ. ಸೂಚನೆಗಳನ್ನು ಭಾಷಾಂತರ ಮಾಡಿ ಹಂಚಲು ಅಲ್ಲಿಯ ಯುವಕ ಯುವತಿಯರೇ ಓಡಾಡಿದರು. ಮುನ್ಸೂಚನೆಯಿಲ್ಲದ ಆ ಬಂಧನ ಮಾನವ ಹಕ್ಕುಗಳ ಕಾನೂನಿಗೆ ಹೊಂದಲಿಲ್ಲವೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಆ ರಾಜ್ಯದ ಒಂಬುಡ್ಸ್‌ಮನ್ ತೀರ್ಪಿತ್ತರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಆಗುವುದಿಲ್ಲ. ಓರಗೆಯವಳು ಆಪತ್ತಿನ ದಿನ ಬೇಕಾದರೆ, ಆಪತ್ತಿಲ್ಲದ ದಿನಗಳಲ್ಲೂ ಅವಳಿಗೆ ಸಂಬಳ ಕೊಟ್ಟು ಇಟ್ಟುಕೊಂಡಿರಬೇಕು.

ನಮ್ಮ ಪಾಲಿನ ಕೆಲಸ

ಈಗ ನಮ್ಮ ಮನೆಯ ಮಾತಿಗೆ ಬರೋಣ. ಬೆಂಗಳೂರಿನ ಉಡುಪು ಕಾರಖಾನೆಗಳಲ್ಲಿ ಇಂದು ಒಡಿಶಾ, ಝಾರ್ಖಂಡ, ಅಸ್ಸಾಮಿನ ಹುಡುಗಿಯರು ಹೊಲಿಯುತ್ತಿದ್ದಾರೆ. ನಮ್ಮ ರಾಯಚೂರು, ಯಾದಗಿರಿ, ಕಲಬುರಗಿಯ ಹೆಂಗಸರು ಗೋವಾ, ಮುಂಬಯಿಗಳಲ್ಲಿ ಗಾರೆ ಹೊರುತ್ತಿದ್ದಾರೆ. ಅವರೆಲ್ಲರೂ ಒಂದೇ ದೇಶದ ಪ್ರಜೆಗಳು. ಆದರೆ ಆಸ್ಪತ್ರೆಯ ಕಿಟಕಿಯಲ್ಲಿ ಪರದೇಶಿಗಳು. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಊರಿನ ಮನೆಗಳಿವೆ. ಹಂಗಾಮಿಗೆ ಬಂದು ಹೋಗುವವರ ಗುಡಿಸಲು ಆ ಪಟ್ಟಿಯಿಂದ ಜಾರಿಹೋಗುತ್ತದೆ.

ಜಾರಿದರೆ ಏನಾಗುತ್ತದೆ? ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೊರಡುವವರು ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಗೂ ಬರುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತ ಎಂದು ಲೆಕ್ಕ; ಒಂದು ದಿನ ತಪ್ಪಿದರೆ ದಂಡ. 2019ರಲ್ಲಿ ಆ ಜಿಲ್ಲೆಯ ಸುಮಾರು 82 ಸಾವಿರ ಕಬ್ಬಿನ ಕೂಲಿ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಮಿಕ್ಕಿದವರು ಗರ್ಭಕೋಶ ತೆಗೆಸಿಕೊಂಡಿದ್ದರು. ಬಿಳಿಸೆರಗು, ಹೊಟ್ಟೆನೋವುಗಳಿಗೆ ಬೇರೆ ಚಿಕಿತ್ಸೆ ಇದೆ, ಗರ್ಭಕೋಶ ತೆಗೆಯುವುದು ಕೊನೆಯ ದಾರಿ ಎಂದು ಅವರ ಭಾಷೆಯಲ್ಲಿ ಹೇಳುವ ಒಬ್ಬ ನಂಬಿಕೆಯ ಗೆಳತಿ ಅವರ ಬಿಡಾರದಲ್ಲಿದ್ದರೆ, ಅವರಲ್ಲಿ ಎಷ್ಟು ಮಂದಿಯ ಗರ್ಭಕೋಶ ಉಳಿಯುತ್ತಿತ್ತೋ!

ಆದ್ದರಿಂದ ನಮ್ಮ ಕಾರ್ಮಿಕ ಸಂಘಗಳು ಬೋನಸ್ಸಿನ ಪಟ್ಟಿಯ ಜೊತೆಗೆ ಇನ್ನು ಮೂರು ಮಾತು ಸೇರಿಸಬೇಕು.

ಒಂದು: ಪರಸ್ಥಳದ ಹೆಂಗಸರು ದುಡಿಯುವ ಪ್ರತಿ ಕಾರಖಾನೆಯಲ್ಲಿ, ಅವರೇ ಆರಿಸಿದ, ಅವರ ಭಾಷೆಯ ಒಬ್ಬಳಿಗೆ ಆರೋಗ್ಯದ ತರಬೇತಿ ಕೊಡಿಸಬೇಕು. ಮಾಲಿಕನೋ ಮೇಸ್ತ್ರಿಯೋ ಆರಿಸಿದವಳು ಓರಗೆಯವಳಾಗುವುದಿಲ್ಲ. ಚಾಡಿಕೋರಳಾಗಿಬಿಡಬಹುದು ಎಂದು ಉಳಿದವರು ಬಾಯಿ ಬಿಡುವುದಿಲ್ಲ.

ಎರಡು: ಕೂಟ ಪಾಳಿಯ ಹೊತ್ತಿನಲ್ಲೇ ನಡೆಯಬೇಕು; ಕೇಳುವವರ ಕೂಲಿ ಕಡಿಯಕೂಡದು. ಊಟದ ಬಿಡುವನ್ನು ಕದ್ದು ಮಾಡಿದ ಶಿಕ್ಷಣ ಹಸಿವಿನ ಶಿಕ್ಷಣ.

ಮೂರು: ಹೇಳಿಕೊಡುವವಳ ಹೊತ್ತಿಗೆ ಸಂಬಳ ಕೊಡಬೇಕು. ಹಣ ಎಲ್ಲಿಂದ ಎಂದು ಕೇಳುವವರಿಗೆ ಇ.ಎಸ್.ಐ. ನಿಧಿ ತೋರಿಸೋಣ. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ನೂರಕ್ಕೆ 0.75 ನಮ್ಮ ಸಂಬಳದಿಂದಲೂ 3.25 ಮಾಲಿಕನಿಂದಲೂ ಅದಕ್ಕೆ ಹೋಗುತ್ತದೆ. ರೋಗ ಬಂದ ಮೇಲೆ ಖರ್ಚು ಮಾಡುವ ನಿಧಿ ರೋಗ ಬಾರದಂತೆ ನೋಡಿಕೊಳ್ಳುವವಳಿಗೆ ನಾಲ್ಕು ಕಾಸು ಏಕೆ ಕೊಡಬಾರದು?

ಸಣ್ಣ ವ್ಯಾಪಾರಿಗಳಿಗೂ ಇಲ್ಲಿ ಕೆಲಸವಿದೆ. ಊರಿಗೆ ಹೊಸದಾಗಿ ಬಂದ ಹೆಂಗಸು ಮೊದಲು ಮಾತನಾಡುವುದು ಕಿರಾಣಿ ಅಂಗಡಿಯವನೊಡನೆ. ಅವಳ ಭಾಷೆಯ ನಾಲ್ಕು ಶಬ್ದ ಊರಲ್ಲಿ ಮೊದಲು ಕಲಿಯುವವನು ಅವನೇ. ಯಾವ ವಠಾರದಲ್ಲಿ ಎಷ್ಟು ಮಂದಿ ಇದ್ದಾರೆ, ಯಾರು ಬಸುರಿ, ಯಾರ ಮಗುವಿಗೆ ಹಾಲಿನ ಪುಡಿ ಹೋಗುತ್ತದೆ ಎಂಬುದು ಅವನ ಉದ್ದರಿ ಪುಸ್ತಕಕ್ಕೆ ಗೊತ್ತು. ಆಶಾ ಕಾರ್ಯಕರ್ತೆ ಹುಡುಕಿಕೊಂಡು ಬಂದಾಗ ಆ ವಠಾರದ ದಾರಿ ತೋರಿಸಿದರೆ, ವಾರಕ್ಕೊಮ್ಮೆ ಅಂಗಡಿಯ ಹಿಂದಿನ ಕೋಣೆಯನ್ನು ಅವರ ಕೂಟಕ್ಕೆ ಬಿಟ್ಟುಕೊಟ್ಟರೆ, ಯಾವ ದಾನಕ್ಕೂ ಅದು ಕಡಿಮೆಯಲ್ಲ.

ಗಿರಣಿಯ ಗೆಳೆಯರಿಗೆ ಇನ್ನೊಂದು ಮಾತು. ಹೊರಗಿನವರು ಬಂದು ನಮ್ಮ ಕೂಲಿ ಇಳಿಸಿದರು ಎಂದು ನಾವು ದೂರುತ್ತೇವೆ. ಬಾಯಿ ಬಾರದವಳು, ಬೇನೆ ಹೇಳಿಕೊಳ್ಳಲಾರದವಳು, ಒಂಟಿಯಾದವಳು ಎಂದೇ ಮಾಲಿಕ ಅವಳನ್ನು ಕಡಿಮೆ ಕೂಲಿಗೆ ತಂದಿದ್ದಾನೆ. ಅವಳ ಬಾಯಿ ಮುಚ್ಚಿರುವವರೆಗೆ ನಮ್ಮ ಕೂಲಿಯೂ ಏರುವುದಿಲ್ಲ. ಇಂದು ಸೊಂಟ ನೋವಿಗೆ ಮಾತು ಸಿಕ್ಕಿದವಳು ನಾಳೆ ಕೂಲಿಗೂ ಮಾತು ಎತ್ತುತ್ತಾಳೆ. ಹತ್ತು ವರ್ಷದ ಮಗನನ್ನು ನಡುವೆ ನಿಲ್ಲಿಸಿಕೊಂಡು ತಲೆನೋವು ಎಂದು ಸುಳ್ಳು ಹೇಳಬೇಕಾದ ಗತಿ ಯಾವ ತಾಯಿಗೂ ಬಾರದಿರಲಿ. ಅವಳ ಪಕ್ಕದಲ್ಲಿ ಅವಳ ಓರಗೆಯವಳು ಕೂರಲಿ. ಕೂತ ಆ ಗಂಟೆಗೆ ಅವಳಿಗೂ ಕೂಲಿ ಸಲ್ಲಲಿ.